ಹಲ್ಲು ಬೆಳ್ಳಗೆ ಮಾಡಿಸೋದು ಆಮೇಲೆ, ಬಣ್ಣ ಎಲ್ಲಿಂದ ಬಂತು ಅನ್ನೋದು ಮೊದಲು

ಪ್ರಶ್ನೆ: ನಮಸ್ಕಾರ್ರಿ ಡಾಕ್ಟ್ರೇ. ನನಗೆ 24 ವರ್ಷ. ಊರು ಶಹಾಪುರ ತಾಲೂಕಿನ ಒಂದು ಹಳ್ಳಿ, ಈಗ ಕಲಬುರಗಿಯಲ್ಲಿ ಕೆಲಸ. ಚಿಕ್ಕಂದಿನಿಂದಲೂ ನನ್ನ ಮುಂದಿನ ಹಲ್ಲುಗಳ ಮೇಲೆ ಬಿಳಿ ಮಚ್ಚೆಗಳಿವೆ, ಎರಡು ಹಲ್ಲಿಗೆ ಕಂದು ಪಟ್ಟೆ ಇದೆ. ತಂಗಿಗೂ ಹಾಗೇ ಇದೆ, ಅವಳಿಗೆ 15. ಕಾಲೇಜಿನಲ್ಲಿದ್ದಾಗ ಬಿದ್ದು ಒಂದು ಮುಂದಿನ ಹಲ್ಲು ಮುರಿದು ಕ್ಯಾಪ್ ಹಾಕಿಸಿದ್ದೇನೆ. ಇನ್ನು ಎರಡೂವರೆ ತಿಂಗಳಿಗೆ ಲಗ್ನ. ಒಂದು ಕ್ಲಿನಿಕ್‌ನಲ್ಲಿ ಲೇಸರ್ ವೈಟನಿಂಗ್ ಮಾಡಿಸಿ, ಒಂದೇ ದಿನದಲ್ಲಿ ಮುಗಿಯುತ್ತದೆ ಅಂದರು. ಆನ್‌ಲೈನ್‌ನಲ್ಲಿ ನೀಲಿ ಲೈಟಿನ ಕಿಟ್ ಕೂಡ ತರಿಸಿಟ್ಟಿದ್ದೇನೆ, ಇನ್ನೂ ಬಿಚ್ಚಿಲ್ಲ. ಅವ್ವ ಮಾತ್ರ "ಸುಮ್ನ ಕ್ಲೀನ್ ಮಾಡಿಸಿದ್ರೂ ಹಲ್ಲು ಸಡಿಲ ಆಗ್ತಾವ, ಏನೂ ಬ್ಯಾಡ" ಅಂತಾಳೆ. ಯಾವುದು ಸರಿ?

ಉತ್ತರ: ಕಿಟ್ ಬಿಚ್ಚಿಲ್ಲ ಅಂದಿದ್ದೀರಿ, ಒಳ್ಳೆಯದಾಯಿತು. ಸದ್ಯಕ್ಕೆ ಹಾಗೇ ಇರಲಿ, ವಾಪಸ್ ಕಳಿಸಲು ಇನ್ನೂ ಸಮಯ ಇದ್ದರೆ ಕಳಿಸಿಬಿಡಿ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಲೇಸರೂ ಅಲ್ಲ, ಕಿಟ್ಟೂ ಅಲ್ಲ. ಊರು ಶಹಾಪುರ ಕಡೆ, ಮಚ್ಚೆ ಚಿಕ್ಕಂದಿನಿಂದ, ತಂಗಿಗೂ ಹಾಗೇ ಅಂತ ಬರೆದಿದ್ದೀರಲ್ಲ, ಅದು. ಈ ಮೂರೂ ಸೇರಿದರೆ ನಮ್ಮ ಭಾಗದ ಯಾವ ದಂತವೈದ್ಯರಿಗಾದರೂ ಮೊದಲು ಬರುವ ಅನುಮಾನ ಫ್ಲೋರೋಸಿಸ್, ಅಂದರೆ ಚಿಕ್ಕಂದಿನಲ್ಲಿ ಕುಡಿದ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಹಲ್ಲಿನ ಮೇಲೆ ಉಳಿಯುವ ಮಚ್ಚೆ. ಹಲ್ಲು ನೋಡದೆ ನಾನು ಖಚಿತವಾಗಿ ಹೇಳುವ ಹಾಗಿಲ್ಲ. ಆದರೆ ಅದೇ ಆಗಿದ್ದರೆ, ಅದು ನೀವು ಹಲ್ಲುಜ್ಜಿದ್ದು ಕಮ್ಮಿಯಾಗಿ ಬಂದದ್ದಲ್ಲ, ಉಜ್ಜಿ ಉಜ್ಜಿ ಹೋಗುವುದೂ ಅಲ್ಲ.

ಶಹಾಪುರ, ಸುರಪುರ, ಯಾದಗಿರಿ ಕಡೆ ನೆಲದಡಿ ಇರುವುದು ಗ್ರಾನೈಟ್ ಜಾತಿಯ ಬಂಡೆ. ಮಲಗಿದ ಬುದ್ಧನ ಬೆಟ್ಟ ನೋಡಿದವರಿಗೆ ಹೇಳಬೇಕಿಲ್ಲ. ಈ ಬಂಡೆಯ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬೋರ್‌ವೆಲ್ ನೀರು ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತಾಗ ಅದು ನೀರಿಗೆ ಇಳಿಯುತ್ತದೆ. ಎಲ್ಲ ಹಳ್ಳಿಯಲ್ಲೂ ಅಂತಲ್ಲ, ಒಂದೇ ಊರಿನ ಎರಡು ಬೋರ್‌ವೆಲ್‌ಗಳಲ್ಲೇ ವ್ಯತ್ಯಾಸ ಇರಬಹುದು. ಆಳಂದ, ಬೀದರ್ ಕಡೆ ಬಂಡೆಯೇ ಬೇರೆ, ಅಲ್ಲಿನದು ಡೆಕ್ಕನ್ ಕಪ್ಪುಕಲ್ಲು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಅನ್ನುವುದು ನಮ್ಮ ದೇಶದ ಮಾನದಂಡ. ನಮ್ಮ ಬಿಸಿಲಿನಲ್ಲಿ ಜನ ನೀರು ಜಾಸ್ತಿ ಕುಡಿಯುತ್ತಾರೆ, ಹಾಗಾಗಿ ದೇಹಕ್ಕೆ ಹೋಗುವ ಪಾಲೂ ಜಾಸ್ತಿ.

ಮಗುವಿಗೆ ಸುಮಾರು 8 ವರ್ಷ ಆಗುವ ತನಕ ಮುಂದಿನ ಶಾಶ್ವತ ಹಲ್ಲುಗಳ ಎನಾಮೆಲ್, ಅಂದರೆ ಹೊರಗಿನ ಗಟ್ಟಿ ಪದರ, ದವಡೆಯೊಳಗೆ ತಯಾರಾಗುತ್ತಾ ಇರುತ್ತದೆ. ಆ ಹೊತ್ತಿನಲ್ಲಿ ಫ್ಲೋರೈಡ್ ಜಾಸ್ತಿ ಸಿಕ್ಕರೆ ಎನಾಮೆಲ್ ಗಟ್ಟಿಯಾಗಿ ಕೂರುವುದಿಲ್ಲ, ಒಳಗೆ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ಅದೇ ಬಿಳಿ ಸುಣ್ಣದ ಹಾಗೆ ಕಾಣುವ ಮಚ್ಚೆ. ಹಲ್ಲು ಹೊರಬಂದ ಮೇಲೆ ಚಹಾ, ಅರಿಶಿನ, ಖಾರದ ಎಣ್ಣೆಯ ಬಣ್ಣ ಆ ತೂತುಗಳಲ್ಲಿ ಇಳಿದು ಕಂದಾಗುತ್ತದೆ.

ಕ್ಲಿನಿಕ್‌ಗೆ ಬರುವವರೆಲ್ಲ "ವೈಟನಿಂಗ್ ಮಾಡ್ರಿ" ಅಂತಲೇ ಬರುತ್ತಾರೆ. ಆದರೆ ಹಲ್ಲಿನ ಬಣ್ಣ ಕೆಡುವುದಕ್ಕೆ ದಾರಿ ಹಲವು, ಒಂದೊಂದಕ್ಕೂ ಇಲಾಜು ಬೇರೆ. ಮೇಲೆ ಅಂಟಿದ ಕಲೆ ಒಂದು. ಚಹಾ, ಎಲೆ ಅಡಿಕೆ, ಗುಟ್ಕಾ, ಬೀಡಿ, ಕೆಲವು ಸಲ ಕಬ್ಬಿಣದ ಟಾನಿಕ್, ವಾರಗಟ್ಟಲೆ ಬಳಸಿದ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್, ಇವೆಲ್ಲ ಈ ಗುಂಪು. ಇವಕ್ಕೆ ಸ್ಕೇಲಿಂಗ್ (ಹಲ್ಲಿಗೆ ಅಂಟಿದ ಕಲ್ಲು, ಕಲೆ ತೆಗೆದು ಕ್ಲೀನ್ ಮಾಡುವುದು) ಮತ್ತು ಪಾಲಿಶಿಂಗ್ ಸಾಕು, ಬ್ಲೀಚ್ ಬೇಡವೇ ಬೇಡ. ಇನ್ನೊಂದು, ವಯಸ್ಸಾದ ಹಾಗೆ ಬರುವ ಹಳದಿ. ಎನಾಮೆಲ್ ಬಹುಮಟ್ಟಿಗೆ ಮಂಜು ಹಿಡಿದ ಗಾಜಿನ ಹಾಗೆ, ಅದರ ಹಿಂದಿನ ಒಳಪದರವಾದ ಡೆಂಟಿನ್ ಮೂಲದಲ್ಲೇ ಹಳದಿ, ಎನಾಮೆಲ್ ಸವೆದಷ್ಟೂ ಹಳದಿ ಎದ್ದು ಕಾಣುತ್ತದೆ. ಬ್ಲೀಚ್ ಚೆನ್ನಾಗಿ ಕೆಲಸ ಮಾಡುವುದು ಇಂಥ ಹಳದಿಗೇ. ಚಿಕ್ಕಂದಿನಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ಕೊಟ್ಟು ಬಂದ ಬೂದು ಪಟ್ಟೆಯಾದರೆ ತಿಂಗಳುಗಟ್ಟಲೆ ಬ್ಲೀಚ್ ಮಾಡಿದರೂ ಪೂರ್ತಿ ಹೋಗುವುದು ಕಷ್ಟ. ಪೆಟ್ಟು ಬಿದ್ದು ನರ ಸತ್ತು ಕಪ್ಪಾದ ಒಂಟಿ ಹಲ್ಲಿಗೆ ಬೇರು ಚಿಕಿತ್ಸೆ, ಅಂದರೆ ರೂಟ್ ಕೆನಾಲ್ ಮಾಡಿ, ಹಲ್ಲಿನ ಒಳಗಿನಿಂದಲೇ ಬ್ಲೀಚ್ ಮಾಡುತ್ತಾರೆ. ನೀವು ಬಿದ್ದಾಗ ಪಕ್ಕದ ಹಲ್ಲಿಗೂ ಪೆಟ್ಟಾಗಿರಬಹುದು, ಹಾಗಾಗಿ ಅದರದ್ದೂ ಒಂದು ಎಕ್ಸ್‌ರೇ ತೆಗೆಸಿ.

ಅವ್ವನ ಮಾತಿಗೆ ಬರೋಣ. ಸ್ಕೇಲಿಂಗ್‌ನಿಂದ ಹಲ್ಲು ಸಡಿಲ ಆಗುವುದಿಲ್ಲ. ಆದರೆ ಅವರು ಸುಮ್ಮನೆ ಹೇಳುತ್ತಿಲ್ಲ, ಊರಲ್ಲಿ ಯಾರಿಗೋ ಹಾಗಾದದ್ದು ನೋಡಿರುತ್ತಾರೆ. ಹತ್ತಾರು ವರ್ಷ ಪಾಚಿ ಕಟ್ಟಿ ಕಲ್ಲಾದ ಬಾಯಲ್ಲಿ ಒಸಡು ಮತ್ತು ಎಲುಬು ಮೊದಲೇ ಕರಗಿರುತ್ತವೆ, ಹಲ್ಲನ್ನು ಹಿಡಿದು ನಿಲ್ಲಿಸಿದ್ದು ಆ ಕಲ್ಲೇ. ಕಲ್ಲು ತೆಗೆದಾಗ ಒಳಗಿದ್ದ ಸಡಿಲ ಹೊರಗೆ ಕಾಣುತ್ತದೆ, ಸಂದಿ ಬಿಟ್ಟ ಹಾಗೆ ಆಗುತ್ತದೆ, ಕೆಲವು ದಿನ ತಣ್ಣೀರಿಗೆ ಜುಮ್ ಅನ್ನುತ್ತದೆ. ಇನ್ನೂ ಹತ್ತು ವರ್ಷ ಮೊದಲೇ ಬಂದಿದ್ದರೆ ಆ ಹಲ್ಲು ಉಳಿಯುತ್ತಿತ್ತು. ನಿಮ್ಮ ವಯಸ್ಸಿಗೆ ಈ ಭಯ ಬೇಕಿಲ್ಲ. ಸ್ಕೇಲಿಂಗ್ ಆದ ಮೇಲೆ ನಿಮ್ಮ ನಿಜವಾದ ಬಣ್ಣ ಏನು ಅಂತ ನಿಮಗೂ ವೈದ್ಯರಿಗೂ ಗೊತ್ತಾಗುತ್ತದೆ, ಎಷ್ಟೋ ಜನ ಅಲ್ಲಿಗೇ "ಇಷ್ಟು ಸಾಕ್ರೀ" ಅಂತ ಹೋಗುತ್ತಾರೆ.

ಬ್ಲೀಚಿಂಗ್ ಅಂದರೆ ಏನು? ಹೈಡ್ರೋಜನ್ ಪೆರಾಕ್ಸೈಡ್, ಇಲ್ಲವೇ ನಿಧಾನಕ್ಕೆ ಅದನ್ನೇ ಬಿಡುವ ಕಾರ್ಬಮೈಡ್ ಪೆರಾಕ್ಸೈಡ್. ಈ ಜೆಲ್ ಎನಾಮೆಲ್ ದಾಟಿ ಒಳಗೆ ಹೋಗಿ ಬಣ್ಣದ ಕಣಗಳನ್ನು ಒಡೆಯುತ್ತದೆ. ಕ್ಲಿನಿಕ್‌ನಲ್ಲಿ ಬಳಸುವುದು ಶೇ 25ರಿಂದ 40ರಷ್ಟು ತೀಕ್ಷ್ಣವಾದ ಹೈಡ್ರೋಜನ್ ಪೆರಾಕ್ಸೈಡ್. ಅದಕ್ಕೇ ಒಸಡಿನ ಮೇಲೆ ಮೊದಲು ಒಂದು ರಬ್ಬರಿನಂಥ ಪದರ ಹಾಕಿ ಗಟ್ಟಿ ಮಾಡುತ್ತಾರೆ, ಆ ಪದರ ಹಾಕದೆ ಜೆಲ್ ಹಚ್ಚಲು ಬಂದರೆ ಕುರ್ಚಿಯಿಂದ ಎದ್ದುಬಿಡಿ. ಮನೆಯಲ್ಲಿ ಮಾಡುವುದಕ್ಕೆ ನಿಮ್ಮ ಹಲ್ಲಿನ ಅಳತೆ ತೆಗೆದು ತೆಳುವಾದ ಪ್ಲಾಸ್ಟಿಕ್ ಟ್ರೇ ಮಾಡಿಕೊಡುತ್ತಾರೆ, ಅದರಲ್ಲಿ ಶೇ 10ರಿಂದ 20ರ ಕಾರ್ಬಮೈಡ್ ಜೆಲ್ ಹಾಕಿ ರಾತ್ರಿ ಅಥವಾ ಕೆಲವು ಗಂಟೆ ಹಾಕಿಕೊಳ್ಳಬೇಕು, ಎರಡರಿಂದ ನಾಲ್ಕು ವಾರ. ಶೇ 10ರ ಕಾರ್ಬಮೈಡ್ ಅಂದರೆ ಲೆಕ್ಕಕ್ಕೆ ಶೇ 3.5ರ ಹೈಡ್ರೋಜನ್ ಪೆರಾಕ್ಸೈಡ್ ಅಷ್ಟೇ. 1989ರಲ್ಲಿ ಅಮೆರಿಕದ ಇಬ್ಬರು ದಂತವೈದ್ಯರು ಈ ಟ್ರೇ ಪದ್ಧತಿ ಬಗ್ಗೆ ಬರೆದರು. ಅಂದಿನಿಂದ ಇಷ್ಟು ವರ್ಷ ಪರೀಕ್ಷೆಗೆ ಒಳಗಾದ ಬೇರೆ ಬ್ಲೀಚ್ ಪದ್ಧತಿ ಇಲ್ಲ ಅನ್ನಬಹುದು. ನನ್ನನ್ನು ಕೇಳಿದರೆ ಆತುರ ಇಲ್ಲದವರಿಗೆ ಟ್ರೇನೇ ಒಳ್ಳೆಯದು. ಖರ್ಚೂ ಸಾಮಾನ್ಯವಾಗಿ ಕಮ್ಮಿ, ಜುಮ್ ಅನ್ನುವುದೂ ಕಮ್ಮಿ, ಜುಮ್ ಅಂದರೆ ಒಂದು ದಿನ ಬಿಟ್ಟು ಮುಂದುವರಿಸಬಹುದು, ಟ್ರೇ ನಿಮ್ಮ ಹತ್ತಿರವೇ ಉಳಿಯುತ್ತದೆ.

ಇನ್ನು ಆ "ಲೇಸರ್". ಬಹಳ ಕಡೆ ಲೇಸರ್ ಅಂತ ಕರೆಯುವುದು ನೀಲಿ ಎಲ್‌ಇಡಿ ಲೈಟನ್ನು. ಕೆಲಸ ಮಾಡುವುದು ಜೆಲ್. ಲೈಟ್ ಹಾಕಿದ್ದರಿಂದ ಕೊನೆಗೆ ಉಳಿಯುವ ಬಣ್ಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬಹಳಷ್ಟು ಅಧ್ಯಯನಗಳಲ್ಲಿ ಕಂಡಿಲ್ಲ. ಒಂದೇ ದಿನದಲ್ಲಿ ಬೆಳ್ಳಗಾಗುವುದು ಪೂರ್ತಿ ಸುಳ್ಳಲ್ಲ. ಆದರೆ ಒಂದು ಗಂಟೆ ಬಾಯಿ ತೆರೆದು ಕೂತಾಗ ಹಲ್ಲು ಒಣಗುತ್ತದೆ, ಒಣಗಿದ ಹಲ್ಲು ಇನ್ನೂ ಬೆಳ್ಳಗೆ ಕಾಣುತ್ತದೆ, ಆಗಲೇ ಫೋಟೋ ತೆಗೆದು ತೋರಿಸುತ್ತಾರೆ. ನಾಲ್ಕು ದಿನ ಬಿಟ್ಟು ನೋಡಿದರೆ ಸ್ವಲ್ಪ ಹಿಂದಕ್ಕೆ ಬಂದಿರುತ್ತದೆ. ನಿಜವಾದ ಫಲಿತಾಂಶ ಎರಡು ವಾರ ಆದ ಮೇಲಿನದು. ಮೊದಲ ದಿನವೇ ಶೇಡ್ ಗೈಡ್, ಅಂದರೆ ಹಲ್ಲಿನ ಬಣ್ಣಗಳ ಮಾದರಿ ಪಟ್ಟಿ, ಹಲ್ಲಿನ ಪಕ್ಕ ಹಿಡಿದು ಒಂದು ಫೋಟೋ ತೆಗೆಯಲು ಹೇಳಿ. ವೀಟಾ ಕಂಪನಿಯ ಹಳೆಯ ಗೈಡಿನಲ್ಲಿ 16 ಬಣ್ಣ ಇರುತ್ತವೆ, ನಿಮ್ಮದು ಯಾವುದರಿಂದ ಯಾವುದಕ್ಕೆ ಬಂತು ಅಂತ ನೀವೇ ನೋಡಬಹುದು.

ಈಗ ನಿಮ್ಮ ಬಾಯಿಯ ವಿಷಯ. ಬಿಳಿ ಮಚ್ಚೆ ಇರುವ ಹಲ್ಲಿಗೆ ನೇರವಾಗಿ ಬ್ಲೀಚ್ ಹಾಕಿದರೆ ಮೊದಲ ಕೆಲವು ದಿನ ಆ ಮಚ್ಚೆಗಳೇ ಇನ್ನೂ ಎದ್ದು ಕಾಣುತ್ತವೆ. ಇದನ್ನು ಮೊದಲೇ ಹೇಳದಿದ್ದರೆ ಯಾರಾದರೂ ಗಾಬರಿಯಾಗುತ್ತಾರೆ, ಅದೂ ಲಗ್ನ ಮುಂದಿಟ್ಟುಕೊಂಡು. ನಂತರ ಸುತ್ತಲಿನ ಹಲ್ಲೂ ಬೆಳ್ಳಗಾಗಿ ಮಚ್ಚೆ ಅದರಲ್ಲಿ ಬೆರೆತುಹೋಗುತ್ತದೆ. ಮಚ್ಚೆ ಮಾಯ ಆಗಲಿಲ್ಲ, ಹಿನ್ನೆಲೆ ಬದಲಾಯಿತು. ಮಚ್ಚೆ ಸಣ್ಣಗಿದ್ದರೆ ಇಷ್ಟೇ ಸಾಕಾಗಬಹುದು.

ಕಂದು ಪಟ್ಟೆಗೆ ಮೈಕ್ರೋಅಬ್ರೇಶನ್ ಅಂತ ಇದೆ. ಒಸಡಿಗೆ ತಾಗದ ಹಾಗೆ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಕಟ್ಟಿ, ಹೈಡ್ರೋಕ್ಲೋರಿಕ್ ಆಸಿಡ್ ಸೇರಿದ ಒರಟು ಪೇಸ್ಟಿನಿಂದ ಎನಾಮೆಲ್‌ನ ಮೇಲಿನ ತೆಳು ಪದರವನ್ನು ಉಜ್ಜಿ ತೆಗೆಯುವುದು, ಮಿಲಿಮೀಟರಿನ ಹತ್ತನೇ ಒಂದು ಭಾಗ, ಇಲ್ಲ ಅದರ ಎರಡರಷ್ಟು. ಆಸಿಡ್ ಅಂದ ಕೂಡಲೇ ಹೆದರಬೇಡಿ, ಮನೆಯಲ್ಲಿ ನಿಂಬೆಹಣ್ಣು ಉಜ್ಜುವುದಕ್ಕಿಂತ ಇದು ಎಷ್ಟೋ ಹಿಡಿತದಲ್ಲಿ ನಡೆಯುವ ಕೆಲಸ. ಕಲೆ ಮೇಲ್ಪದರದಲ್ಲಿದ್ದರೆ ಒಂದೆರಡು ಸಿಟ್ಟಿಂಗ್‌ನಲ್ಲಿ ಚೆನ್ನಾಗಿ ಹೋಗುತ್ತದೆ, ಆಳಕ್ಕೆ ಇಳಿದಿದ್ದರೆ ಹೋಗುವುದಿಲ್ಲ. ಬಿಳಿ ಮಚ್ಚೆಗೆ ರೆಸಿನ್ ಇನ್ಫಿಲ್ಟ್ರೇಶನ್ ಅನ್ನುವ ಇನ್ನೊಂದು ಉಪಾಯ ಇದೆ, ಎನಾಮೆಲ್‌ನ ಆ ತೂತುಗಳಿಗೆ ರೆಸಿನ್ ಅನ್ನುವ ತೆಳು ಅಂಟು ಇಳಿಸಿ ಲೈಟ್‌ನಿಂದ ಗಟ್ಟಿ ಮಾಡುತ್ತಾರೆ. ಎಲ್ಲ ಕ್ಲಿನಿಕ್‌ನಲ್ಲೂ ಇದು ಸಿಗದು, ಸಾಮಾನು ದುಬಾರಿ.

ಹಲ್ಲಿನಲ್ಲಿ ಗುಳಿ ಬಿದ್ದಿದ್ದರೆ, ಕಂದು ಬಣ್ಣ ಆಳವಾಗಿದ್ದರೆ ಮಾತ್ರ ಕಾಂಪೋಸಿಟ್ (ಹಲ್ಲಿನ ಬಣ್ಣದ ರೆಸಿನ್) ಅಥವಾ ಸೆರಾಮಿಕ್ ವೆನಿಯರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆಯ ಮಾತು. ವೆನಿಯರ್ ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಸೆರಾಮಿಕ್ ಹಾಕಲು ಬಹಳ ಸಲ ಎನಾಮೆಲ್ ಅರ್ಧ ಮಿಲಿಮೀಟರಿನಷ್ಟು ಕೊರೆಯಬೇಕು, ಕೊರೆದದ್ದು ಮತ್ತೆ ಬರುವುದಿಲ್ಲ. 24ಕ್ಕೆ ಹಾಕಿಸಿದವರು ಜೀವನದಲ್ಲಿ ಒಂದೆರಡು ಸಲವಾದರೂ ಅದನ್ನು ಬದಲಿಸಬೇಕಾಗುತ್ತದೆ, ಪ್ರತಿ ಹಲ್ಲಿಗೂ ಬೇರೆ ಬೇರೆ ದುಡ್ಡು. ಲಗ್ನದ ಅವಸರದಲ್ಲಿ ಎಂಟು ಹಲ್ಲು ಕೊರೆಸಿಕೊಂಡವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ, ಅದರಲ್ಲಿ ಅರ್ಧದಷ್ಟಕ್ಕೆ ಮೈಕ್ರೋಅಬ್ರೇಶನ್ ಮತ್ತು ಟ್ರೇ ಸಾಕಿತ್ತು ಅನಿಸುತ್ತದೆ.

ನಿಮ್ಮ ಕ್ಯಾಪ್ ಬಗ್ಗೆ ಆ ಕ್ಲಿನಿಕ್‌ನವರು ಏನೂ ಹೇಳಲಿಲ್ಲವೇ? ಕ್ಯಾಪ್, ವೆನಿಯರ್, ಹಲ್ಲಿನ ಬಣ್ಣದ ಫಿಲ್ಲಿಂಗ್, ಯಾವುದೂ ಬ್ಲೀಚ್‌ಗೆ ಬೆಳ್ಳಗಾಗುವುದಿಲ್ಲ. ಅಕ್ಕಪಕ್ಕದ ಹಲ್ಲು ಬೆಳಗಿ ಕ್ಯಾಪ್ ಮಾತ್ರ ಹಳೆಯ ಬಣ್ಣದಲ್ಲೇ ಉಳಿದರೆ, ಇಷ್ಟು ದಿನ ಯಾರ ಕಣ್ಣಿಗೂ ಬೀಳದ ಕ್ಯಾಪ್ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಬ್ಲೀಚ್ ಮಾಡಿಸುವುದಾದರೆ ಕ್ಯಾಪ್ ಬದಲಿಸುವ ಖರ್ಚನ್ನೂ ಇಂದೇ ಲೆಕ್ಕಕ್ಕೆ ಹಿಡಿಯಿರಿ. ಕ್ರಮವೂ ಮುಖ್ಯ. ಮೊದಲು ಬ್ಲೀಚ್, ನಂತರ ಕಡಿಮೆ ಎಂದರೂ ಎರಡು ವಾರ ಬಿಡುವು, ಆಮೇಲೆ ಹೊಸ ಬಣ್ಣಕ್ಕೆ ಹೊಂದುವ ಕ್ಯಾಪ್. ಬಿಡುವು ಯಾಕೆಂದರೆ ಬಣ್ಣ ಒಂದು ಕಡೆ ನಿಲ್ಲಬೇಕು, ಹಲ್ಲಿನಲ್ಲಿ ಉಳಿದ ಆಮ್ಲಜನಕವೂ ಹೋಗಬೇಕು, ಅದಿದ್ದರೆ ಕಾಂಪೋಸಿಟ್ ಸರಿಯಾಗಿ ಅಂಟುವುದಿಲ್ಲ.

ಎರಡೂವರೆ ತಿಂಗಳು ಸಾಕು, ಆದರೆ ಈ ವಾರವೇ ಶುರು ಮಾಡಬೇಕು. ಮೊದಲು ತಪಾಸಣೆ, ಹುಳುಕು ಇದ್ದರೆ ಫಿಲ್ಲಿಂಗ್. ತೂತಿರುವ ಹಲ್ಲಿಗೆ ಬ್ಲೀಚ್ ಜೆಲ್ ಹೋದರೆ ರಾತ್ರಿಯಿಡೀ ನಿದ್ದೆ ಇರುವುದಿಲ್ಲ. ನಂತರ ಸ್ಕೇಲಿಂಗ್, ಒಸಡು ಆರಲು ಒಂದು ವಾರ. ಆಮೇಲೆ ಮೈಕ್ರೋಅಬ್ರೇಶನ್, ಎರಡು ಮೂರು ವಾರ ಟ್ರೇ, ಎರಡು ವಾರ ಬಿಡುವು, ಕೊನೆಗೆ ಕ್ಯಾಪ್. ಲ್ಯಾಬಿನಿಂದ ಕ್ಯಾಪ್ ಬರಲು ಒಂದು ವಾರ ಹಿಡಿಯಬಹುದು, ಬಣ್ಣ ಹೊಂದದೆ ವಾಪಸ್ ಹೋಗುವುದೂ ಉಂಟು. ಅರಿಶಿನ ಹಚ್ಚುವ ವಾರಕ್ಕೆ ಏನನ್ನೂ ಇಟ್ಟುಕೊಳ್ಳಬೇಡಿ.

ಜುಮ್ ಅನ್ನುವುದು ಬಹಳ ಜನರಿಗೆ ಆಗುತ್ತದೆ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನೇ ಹೋಗುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಇರುವ ಸೆನ್ಸಿಟಿವಿಟಿ ಪೇಸ್ಟ್ ಎರಡು ವಾರ ಮೊದಲೇ ಶುರು ಮಾಡಿ. ಬೇಸಿಗೆಯ ಲಗ್ನ ಆದರೆ ಐಸ್ ಹಾಕಿದ ಕಬ್ಬಿನ ಹಾಲಿಗೆ ಸ್ವಲ್ಪ ದಿನ ಕೈಮುಗಿಯಿರಿ. ಒಸಡು ಬೆಳ್ಳಗಾಗಿ ಉರಿದರೆ ಜೆಲ್ ತಾಗಿದೆ ಅಂತ ಅರ್ಥ, ತಕ್ಷಣ ತೊಳೆದು ವೈದ್ಯರಿಗೆ ಫೋನ್ ಮಾಡಿ. ಊಟದ ವಿಷಯಕ್ಕೆ, ಬ್ಲೀಚ್ ಮಾಡಿದ ಒಂದೆರಡು ದಿನ ಚಹಾ, ಅರಿಶಿನದ ಸಾರು, ಎಣ್ಣೆ ತೇಲುವ ಬದನೆಕಾಯಿ ಪಲ್ಯ ಬಿಡಿ ಅಂತ ನಾವೆಲ್ಲ ಹೇಳುತ್ತೇವೆ. ಇದರಿಂದ ಅಂಥ ದೊಡ್ಡ ವ್ಯತ್ಯಾಸ ಆಗಲ್ಲ ಅನ್ನುವ ಅಧ್ಯಯನಗಳೂ ಇವೆ. ರೊಟ್ಟಿ, ಮೊಸರು, ಅನ್ನದಲ್ಲಿ ಎರಡು ದಿನ ಕಳೆಯಬಹುದಾದರೆ ಕಳೆಯಿರಿ, ಆಗದಿದ್ದರೆ ತಿಂದು ಬಾಯಿ ಮುಕ್ಕಳಿಸಿ. ಬಸುರಿಯರು, ಮಗುವಿಗೆ ಹಾಲು ಕುಡಿಸುವವರು ಬ್ಲೀಚ್ ಮುಂದಕ್ಕೆ ಹಾಕುವುದೇ ಒಳ್ಳೆಯದು. ಬಣ್ಣ ಎಷ್ಟು ದಿನ ಉಳಿಯುತ್ತದೆ ಅಂದರೆ, ಒಂದರಿಂದ ಮೂರು ವರ್ಷ ಅಂದುಕೊಳ್ಳಿ. ದಿನಕ್ಕೆ ಆರು ಸಲ ಚಹಾ ಕುಡಿಯುವವರಿಗೆ ಇನ್ನೂ ಕಮ್ಮಿ.

ನಿಮ್ಮ ಕಿಟ್‌ನಲ್ಲಿ ಏನಿದೆ ಅಂತ ನನಗೆ ಕಾಣುವುದಿಲ್ಲ, ಡಬ್ಬಿ ಮೇಲೆ ನೋಡಿ. ಯಾವ ಪೆರಾಕ್ಸೈಡ್, ಶೇಕಡ ಎಷ್ಟು ಅಂತ ಬರೆದಿರದಿದ್ದರೆ ಅದನ್ನು ಬಾಯಿಗೆ ಹಾಕುವ ಮಾತೇ ಬೇಡ. ಯುರೋಪಿನಲ್ಲಿ ಶೇ 0.1ಕ್ಕಿಂತ ಜಾಸ್ತಿ ಪೆರಾಕ್ಸೈಡ್ ಇರುವ ಇಂಥ ಸಾಮಾನನ್ನು ಗ್ರಾಹಕರಿಗೆ ನೇರವಾಗಿ ಮಾರುವ ಹಾಗಿಲ್ಲ, ಶೇ 6ರ ತನಕದ್ದು ದಂತವೈದ್ಯರ ಮೂಲಕವೇ ಹೋಗಬೇಕು. ಎಲ್ಲರಿಗೂ ಒಂದೇ ಅಳತೆಯ ಟ್ರೇ ಒಸಡಿಗೆ ಸರಿಯಾಗಿ ಕೂರುವುದಿಲ್ಲ, ಜೆಲ್ ಸೋರಿ ಒಸಡು ಸುಡುತ್ತದೆ.

ಇದ್ದಿಲು ಪೇಸ್ಟ್, ಕುಳ್ಳಿನ ಬೂದಿ, ಇಟ್ಟಂಗಿ ಪುಡಿ, ಉಪ್ಪು, ಎಲ್ಲವೂ ಒರಟು. ಕಲೆಯ ಜೊತೆ ಎನಾಮೆಲ್ಲೂ ಹೋಗುತ್ತದೆ, ಎನಾಮೆಲ್ ಹೋದರೆ ಹಲ್ಲು ಇನ್ನೂ ಹಳದಿ. ನಿಂಬೆ ಮತ್ತು ಸೋಡಾ ವಿಡಿಯೋಗಳಲ್ಲಿ ತಪ್ಪು ಮಾಡುವುದು ನಿಂಬೆ, ಅದರ ಹುಳಿ ಎನಾಮೆಲ್ ಕರಗಿಸುತ್ತದೆ. ತಂಬಾಕು ಸುಟ್ಟ ಪುಡಿಯಲ್ಲಿ ಹಲ್ಲುಜ್ಜುವ ಹಿರಿಯ ಹೆಂಗಸರು ನಮ್ಮ ಗಡಿ ಭಾಗದಲ್ಲಿ ಇನ್ನೂ ಇದ್ದಾರೆ. ಹಲ್ಲುಪುಡಿ, ಪೇಸ್ಟಿನಲ್ಲಿ ತಂಬಾಕು ಹಾಕುವುದನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ, ಮನೆಯಲ್ಲಿ ಸುಡುವುದನ್ನು ಯಾರು ನಿಲ್ಲಿಸುತ್ತಾರೆ? ಗುಟ್ಕಾ ಕಥೆಯೂ ಅಷ್ಟೇ. 2013ರಿಂದ ರಾಜ್ಯದಲ್ಲಿ ನಿಷೇಧ, ಆದರೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಅಂತ ಬೇರೆ ಬೇರೆ ಮಾರಿ ನಿಷೇಧ ದಾಟುತ್ತಾರೆ. ನಿಮಗೆ ಆ ಚಟ ಇಲ್ಲ ಅಂದುಕೊಂಡಿದ್ದೇನೆ. ಓದುವ ಬೇರೆಯವರಿಗೆ ಒಂದು ಮಾತು: ಬಾಯಿ ತೆರೆದಾಗ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಿಡಿಸದಿದ್ದರೆ, ಖಾರ ತಿಂದರೆ ವಿಪರೀತ ಉರಿದರೆ, ಬಿಳಿ ಅಥವಾ ಕೆಂಪು ಮಚ್ಚೆ, ಹುಣ್ಣು ಎರಡು ವಾರ ಕಳೆದರೂ ಹೋಗದಿದ್ದರೆ, ಹಲ್ಲಿನ ಬಣ್ಣದ ಚಿಂತೆ ಬಿಟ್ಟು ಅದನ್ನು ಮೊದಲು ತೋರಿಸಿ.

ಎಲ್ಲಿ ತೋರಿಸಲಿ ಅಂದರೆ, ದಂತ ವೈದ್ಯ ಪರಿಷತ್ತಿನಲ್ಲಿ ನೋಂದಣಿ ಇರುವ ಯಾವ ವೈದ್ಯರಾದರೂ ಸರಿ, ಗೋಡೆ ಮೇಲೆ ನೋಂದಣಿ ಸಂಖ್ಯೆ ಹಾಕಿರುತ್ತಾರೆ, ನೋಡಿ. ಬ್ಯೂಟಿ ಪಾರ್ಲರಿನಲ್ಲಿ ಬೇಡ. ಎರಡನೆಯ ಅಭಿಪ್ರಾಯ ಬೇಕಿದ್ದರೆ ಕಲಬುರಗಿಯಲ್ಲಿ ಎಚ್‌ಕೆಇ ಸಂಸ್ಥೆಯ ನಿಜಲಿಂಗಪ್ಪ ದಂತ ಕಾಲೇಜು, ಅಲ್ ಬದರ್ ದಂತ ಕಾಲೇಜು ಇವೆ, ಬೀದರ್‌ನವರಿಗೆ ಎಸ್.ಬಿ. ಪಾಟೀಲ ದಂತ ಕಾಲೇಜು ಇದೆ. ಕನ್ಸರ್ವೇಟಿವ್ ಡೆಂಟಿಸ್ಟ್ರಿ ವಿಭಾಗ ಎಲ್ಲಿ ಅಂತ ಕೇಳಿ. ಕಾಲೇಜಿನಲ್ಲಿ ಖರ್ಚು ಸಾಮಾನ್ಯವಾಗಿ ಕಮ್ಮಿ, ಸಮಯ ಜಾಸ್ತಿ.

ತಂಗಿಗೆ ಈಗಲೇ ಬ್ಲೀಚ್ ಬೇಡ, 18 ಆಗಲಿ. ಶಾಲೆಯಲ್ಲಿ ಯಾರಾದರೂ ಆಡಿಕೊಂಡು ಅವಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದರೆ ಮಾತ್ರ ಕಂದು ಕಲೆಗೆ ಮೈಕ್ರೋಅಬ್ರೇಶನ್ ಬಗ್ಗೆ ವೈದ್ಯರ ಹತ್ತಿರ ಮಾತಾಡಿ. ಅವಳ ಮುಂದಿನ ಹಲ್ಲುಗಳ ಎನಾಮೆಲ್ ಕೆಲಸ ಎಂದೋ ಮುಗಿದಿದೆ, ಈಗ ನೀರು ಬದಲಿಸಿದರೆ ಆ ಮಚ್ಚೆ ಹೋಗುವುದಿಲ್ಲ. ಆದರೆ ಮನೆಯಲ್ಲಿ, ಓಣಿಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ಹಲ್ಲು ಉಳಿಸಬಹುದು. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷಿಸುವ ಕಿಟ್ ಇದೆಯಾ ಕೇಳಿ, ಇಲ್ಲವಾದರೆ ಜಿಲ್ಲೆಯ ಗ್ರಾಮೀಣ ಕುಡಿಯುವ ನೀರಿನ ಲ್ಯಾಬ್‌ಗೆ ಒಂದು ಬಾಟಲಿ ಕಳಿಸಿ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಆರ್‌ಓ ಫಿಲ್ಟರ್‌ನಿಂದ ಹೋಗುತ್ತದೆ. ಹಾಗಂತ ಫ್ಲೋರೈಡ್ ಪೇಸ್ಟ್ ಬಿಡಿಸಬೇಡಿ, ಹುಳುಕು ತಡೆಯಲು ಅದು ಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಆರರ ತನಕ ಬಟಾಣಿಯಷ್ಟು ಹಾಕಿ, ನುಂಗದೆ ಉಗುಳುವುದನ್ನು ಕಲಿಸಿದರೆ ಸಾಕು. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಿದ್ದರೆ ಅಡುಗೆಗೂ ಅದನ್ನೇ ಬಳಸಲು ಅವ್ವನಿಗೆ ಹೇಳಿ. ಕುಡಿಯಲು ಫಿಲ್ಟರ್ ನೀರು, ಬೇಳೆ ಬೇಯಿಸಲು ಮಾತ್ರ ಬೋರಿನ ನೀರು ಅನ್ನುವ ಮನೆಗಳು ನಮ್ಮ ಕಡೆ ಬಹಳ ಇವೆ.